ಮಗುವಿನ ಮಂಚದ ಪಕ್ಕ ಯಾರು?

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ. ಈ ನಾಲ್ಕು ಊರುಗಳಲ್ಲಿ ಯಾವ ಆಸ್ಪತ್ರೆಯ ಮಕ್ಕಳ ವಾರ್ಡಿಗೆ ಹೋದರೂ ಕಣ್ಣಿಗೆ ಬೀಳುವ ದೃಶ್ಯ ಬಹುಮಟ್ಟಿಗೆ ಒಂದೇ. ಮಂಚದ ಮೇಲೆ ಮಗು, ಮಂಚದ ತುದಿಯಲ್ಲಿ ತಾಯಿ, ಕೆಳಗೆ ಚಾಪೆಯ ಮೇಲೆ ಅಜ್ಜಿ. ಬಾಗಿಲ ಬಳಿ ಔಷಧಿ ಚೀಟಿ ಹಿಡಿದು ನಿಂತ ತಂದೆ. ಫ್ಲಾಸ್ಕು, ಬಟ್ಟೆಯ ಗಂಟು, ಬಾಳೆಹಣ್ಣಿನ ಚೀಲ. ಮಗುವಿಗೆ ಜ್ವರ ಬಂದರೆ ಇಡೀ ಮನೆಯೇ ಆಸ್ಪತ್ರೆಗೆ ಬರುತ್ತದೆ. ಬೆಳಿಗ್ಗೆ ವೈದ್ಯರು ಬರುವ ಹೊತ್ತಿಗೆ 'ಒಬ್ಬರು ಮಾತ್ರ ಇರಿ, ಮಿಕ್ಕವರೆಲ್ಲ ಹೊರಗೆ' ಎಂಬ ಕೂಗು ಕೇಳುತ್ತದೆ. ಎಲ್ಲರೂ ಹೊರಗೆ ಹೋದಂತೆ ಮಾಡಿ, ವೈದ್ಯರು ಅತ್ತ ಹೋದ ಮೇಲೆ ಮತ್ತೆ ಒಳಗೆ ಬರುತ್ತಾರೆ.

ಈ ಜನಜಂಗುಳಿಯನ್ನು ಶಿಸ್ತಿನ ಕೊರತೆಯೆಂದು ಬೈಯುವುದು ಸುಲಭ. ಆದರೆ ಮಕ್ಕಳ ಶುಶ್ರೂಷೆಯ ಶಾಸ್ತ್ರ ಈಗ ಹೇಳುತ್ತಿರುವುದು ಬೇರೆ. ಮಗುವಿನ ಕುಟುಂಬ ಆಸ್ಪತ್ರೆಯ ಅತಿಥಿಯಲ್ಲ, ಚಿಕಿತ್ಸೆಯ ಒಂದು ಭಾಗ; ನರ್ಸ್ ನೋಡಿಕೊಳ್ಳಬೇಕಾದದ್ದು ಮಗುವನ್ನು ಮತ್ತು ಮಗುವಿನ ಪಕ್ಕ ಕುಳಿತವರನ್ನು. ಇದಕ್ಕೆ ಕುಟುಂಬ ಕೇಂದ್ರಿತ ಆರೈಕೆ ಎಂದು ಹೆಸರು. ಪಶ್ಚಿಮದ ದೇಶಗಳು ಬಹಳ ಸುತ್ತಿ ಈ ತಿಳಿವಿಗೆ ಬಂದವು. ನಮ್ಮ ಸೀಮೆಯಲ್ಲಿ ಅದು ಬಡತನದ ಕಾರಣಕ್ಕೆ ಮೊದಲಿನಿಂದಲೂ ಇತ್ತು. ಯಂತ್ರಗಳು ಬಂದಾಗ ಕೈಬಿಟ್ಟುಹೋಗಿ, ಈಗ ಸರ್ಕಾರಿ ಸುತ್ತೋಲೆಯ ರೂಪದಲ್ಲಿ ಹಿಂತಿರುಗಿ ಬರುತ್ತಿದೆ.

ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್‌ನಲ್ಲಿ ಮಕ್ಕಳಿಗೆಂದೇ ಒಂದು ಆಸ್ಪತ್ರೆ ತೆರೆದದ್ದು 1852ರಲ್ಲಿ, ಕೇವಲ ಹತ್ತು ಹಾಸಿಗೆಗಳಿಂದ. ಅದರ ಸ್ಥಾಪಕ ಡಾ. ಚಾರ್ಲ್ಸ್ ವೆಸ್ಟ್ ಎರಡು ವರ್ಷದ ನಂತರ ಕಾಯಿಲೆಯ ಮಕ್ಕಳನ್ನು ನೋಡಿಕೊಳ್ಳುವ ಬಗೆಯನ್ನೇ ಕುರಿತು ನರ್ಸುಗಳಿಗಾಗಿ ಪುಸ್ತಕ ಬರೆದರು. ರೋಗಾಣುಗಳ ವಿಷಯ ಗೊತ್ತಾದ ಮೇಲೆ ಆಸ್ಪತ್ರೆಗಳಿಗೆ ಸೋಂಕಿನ ಭಯ ಹಿಡಿಯಿತು. ಹೊರಗಿನಿಂದ ಬರುವವರೆಲ್ಲ ಸೋಂಕು ತರುವವರೇ ಎಂದಾಯಿತು. ತಾಯಿಯೂ ಆ ಲೆಕ್ಕಕ್ಕೇ ಸೇರಿದಳು. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಇಂಗ್ಲೆಂಡಿನ ಎಷ್ಟೋ ಆಸ್ಪತ್ರೆಗಳಲ್ಲಿ ತಂದೆತಾಯಿ ವಾರಕ್ಕೊಮ್ಮೆ, ಅದೂ ಗಂಟೆ ನೋಡಿಕೊಂಡು, ಮಗುವನ್ನು ಕಾಣಬೇಕಿತ್ತು. ಅವರು ಬಂದು ಹೋದಾಗ ಮಕ್ಕಳು ಅಳುತ್ತವೆ, ಬರದಿದ್ದರೆ ಸುಮ್ಮನಿರುತ್ತವೆ, ಆದ್ದರಿಂದ ಬರದಿರುವುದೇ ಒಳ್ಳೆಯದು ಎಂದು ದಾದಿಯರು ನಂಬಿದ್ದರು.

ಈ ಸುಮ್ಮನಿರುವಿಕೆಯ ಗುಟ್ಟನ್ನು ಬಯಲಿಗೆಳೆದವರು ಜೇಮ್ಸ್ ರಾಬರ್ಟ್‌ಸನ್. 1952ರಲ್ಲಿ ಅವರು ಎರಡು ವರ್ಷದ ಹುಡುಗಿಯೊಬ್ಬಳು ಸಣ್ಣ ಶಸ್ತ್ರಚಿಕಿತ್ಸೆಗೆಂದು ಎಂಟು ದಿನ ಆಸ್ಪತ್ರೆಯಲ್ಲಿದ್ದುದನ್ನು ಚಿತ್ರೀಕರಿಸಿ ತೋರಿಸಿದರು. ಹುಡುಗಿ ಹೆಚ್ಚು ಅಳುವುದಿಲ್ಲ. ಆದರೆ ದಿನ ಕಳೆದಂತೆ ಅವಳ ಮುಖ ಮುಚ್ಚಿಕೊಳ್ಳುತ್ತಾ ಹೋಗುತ್ತದೆ. ತಾಯಿಯಿಂದ ಅಗಲಿದ ಮಗು ಮೊದಲು ಪ್ರತಿಭಟಿಸುತ್ತದೆ, ಆಮೇಲೆ ಹತಾಶೆಗೆ ಬೀಳುತ್ತದೆ, ಕೊನೆಗೆ ತಾಯಿ ಬಂದರೂ ಮುಖ ತಿರುಗಿಸುತ್ತದೆ ಎಂದು ರಾಬರ್ಟ್‌ಸನ್ ವಿವರಿಸಿದರು. ವೈದ್ಯ ಸಮುದಾಯ ಮೊದಲಿಗೆ ಸಿಡಿಮಿಡಿಗೊಂಡಿತು. ಆದರೆ 1959ರಲ್ಲಿ ಸರ್ ಹ್ಯಾರಿ ಪ್ಲ್ಯಾಟ್ ಸಮಿತಿಯ ವರದಿ ಬಂದು, ಪೋಷಕರ ಭೇಟಿಗೆ ನಿರ್ಬಂಧ ಬೇಡ, ಚಿಕ್ಕ ಮಕ್ಕಳ ತಾಯಂದಿರಿಗೆ ಜೊತೆಯಲ್ಲೇ ಉಳಿಯಲು ಅವಕಾಶ ಕೊಡಿ ಎಂದು ಶಿಫಾರಸು ಮಾಡಿತು. ಅದು ಎಲ್ಲ ಕಡೆ ಜಾರಿಗೆ ಬರಲು ಮತ್ತೆ ವರ್ಷಗಳೇ ಹಿಡಿದವು.

ಭೇಟಿಯ ಗಂಟೆಯ ಫಲಕ ನಮ್ಮ ಆಸ್ಪತ್ರೆಗಳಿಗೂ ಬಂತು. ಬೆಂಗಳೂರಿನಲ್ಲಿ ತಾಯಂದಿರು ಮತ್ತು ಮಕ್ಕಳಿಗಾಗಿ ವಾಣಿ ವಿಲಾಸ ಆಸ್ಪತ್ರೆ 1935ರಲ್ಲೇ ಆರಂಭವಾಯಿತು. ಆದರೆ ಕಟ್ಟುನಿಟ್ಟಾಗಿ ಮನೆಯವರನ್ನು ಹೊರಗಿಡಬೇಕಾದರೆ ಅವರು ಮಾಡುವ ಕೆಲಸವನ್ನು ಮಾಡುವಷ್ಟು ದಾದಿಯರಿರಬೇಕು. ನಮ್ಮಲ್ಲಿ ಅಷ್ಟು ದಾದಿಯರು ಯಾವ ಕಾಲಕ್ಕೂ ಇರಲಿಲ್ಲ. ಮಗುವಿಗೆ ಗಂಜಿ ಕುಡಿಸುವುದು, ಬಟ್ಟೆ ಬದಲಿಸುವುದು, ಗ್ಲೂಕೋಸ್ ಬಾಟಲಿ ಮುಗಿಯುತ್ತ ಬಂದಾಗ ಓಡಿ ಹೋಗಿ ಸಿಸ್ಟರನ್ನು ಕರೆಯುವುದು ಎಲ್ಲವೂ ತಾಯಿಯದೇ ಪಾಲಿಗೆ ಬಂತು. ಇಂಗ್ಲೆಂಡಿನ ತಾಯಂದಿರಿಗೆ ಸಮಿತಿಯೊಂದು ಕೊಡಿಸಿದ ಜಾಗ ಮಾಗಡಿಯ ತಾಯಿಗೆ ತಾನಾಗಿ ಸಿಕ್ಕಿತ್ತು. ಸಿಗದೆ ಹೋದದ್ದು ತಿಳಿವಳಿಕೆ. ಅವಳು ಅಲ್ಲಿದ್ದಳು, ಅಷ್ಟೆ. ಏನು ನೋಡಬೇಕು, ಯಾವಾಗ ಹೆದರಬೇಕು ಎಂದು ಯಾರೂ ಹೇಳಿಕೊಡಲಿಲ್ಲ.

ಹೇಳಿಕೊಡಬೇಕಾದದ್ದು ಏಕೆ ಎಂಬುದಕ್ಕೆ ಮಗುವಿನ ದೇಹವನ್ನೇ ನೋಡಬೇಕು. ಮಗುವೆಂದರೆ ಚಿಕ್ಕ ಗಾತ್ರದ ದೊಡ್ಡವನಲ್ಲ. ಮೂರು ಕಿಲೋ ತೂಕದ ಹಸುಗೂಸಿನ ಮೈಯಲ್ಲಿರುವ ಒಟ್ಟು ರಕ್ತ ಸುಮಾರು ಕಾಲು ಲೀಟರ್. ನವಜಾತ ಶಿಶುವಿನ ತೂಕದ ಮುಕ್ಕಾಲು ಪಾಲು ನೀರು. ದೊಡ್ಡವರಿಗೆ ನಾಲ್ಕು ಸಲ ಭೇದಿಯಾದರೆ ಸುಸ್ತು. ಆರು ತಿಂಗಳ ಕೂಸಿಗೆ ಅದು ಪ್ರಾಣದ ಪ್ರಶ್ನೆ. ಆದ್ದರಿಂದಲೇ ಮಕ್ಕಳ ನರ್ಸಿನ ಮೊದಲ ಪಾಠ ತಕ್ಕಡಿ. ತೂಕ ನೋಡದೆ ಔಷಧಿ ಇಲ್ಲ. ಪ್ಯಾರಾಸಿಟಮಾಲ್‌ನಂಥ ಮಾಮೂಲಿ ಜ್ವರದ ಔಷಧಿಯನ್ನೂ ಪ್ರತಿ ಕಿಲೋಗೆ 10ರಿಂದ 15 ಮಿಲಿಗ್ರಾಂ ಎಂದು ಲೆಕ್ಕ ಹಾಕಿಯೇ ಕೊಡಬೇಕು.

ಇಲ್ಲೊಂದು ಹಳ್ಳವಿದೆ, ಓದಿದವರೂ ಬೀಳುವಂಥದ್ದು. ಅದೇ ಪ್ಯಾರಾಸಿಟಮಾಲ್ ಅಂಗಡಿಯಲ್ಲಿ ಸಿರಪ್ ಆಗಿಯೂ, ಹನಿಗಳಾಗಿಯೂ ಸಿಗುತ್ತದೆ. ಸಾಮಾನ್ಯ ಸಿರಪ್ಪಿನಲ್ಲಿ 5 ಮಿಲಿಲೀಟರ್‌ಗೆ 120 ಅಥವಾ 125 ಮಿಲಿಗ್ರಾಂ ಔಷಧಿ. ಹನಿಗಳ ಪುಟ್ಟ ಸೀಸೆಯಲ್ಲಿ 1 ಮಿಲಿಲೀಟರ್‌ಗೇ 100 ಮಿಲಿಗ್ರಾಂ. ಎಂದರೆ ಹನಿಯ ಔಷಧಿ ಸಿರಪ್ಪಿಗಿಂತ ನಾಲ್ಕು ಪಟ್ಟು ಗಟ್ಟಿ. ಸೀಸೆ ಚಿಕ್ಕದಿದೆ, ಕೂಸಿಗೆಂದೇ ಕೊಟ್ಟದ್ದು, ಮೃದುವಾಗಿಯೇ ಇರಬೇಕು ಎಂದು ಭಾವಿಸಿ ಸಿರಪ್ಪಿನ ಅಳತೆಯಲ್ಲಿ ಹನಿಯನ್ನು ಕುಡಿಸಿದರೆ ಯಕೃತ್ತಿಗೇ ಪೆಟ್ಟು. ಬಿಡುಗಡೆಯ ಚೀಟಿಯಲ್ಲಿ ಇದನ್ನು ಬರೆದರೆ ಸಾಲದು. ನರ್ಸ್ ಸೀಸೆಯನ್ನೂ ಅಳತೆಯ ಮುಚ್ಚಳವನ್ನೂ ತಾಯಿಯ ಕೈಗೆ ಕೊಟ್ಟು 'ನೀವೇ ಅಳೆದು ತೋರಿಸಿ' ಎನ್ನಬೇಕು. ಕಲಿಸುವುದೆಂದರೆ ಇದು.

ಇನ್ನು ಕೆಲವು ಪಾಠಗಳಿಗೆ ಯಾವ ಉಪಕರಣವೂ ಬೇಡ. ಹಸುಗೂಸಿಗೆ ಥಂಡಿ ಹಿಡಿದಿದೆಯೇ ಎಂದು ತಿಳಿಯಲು ತಾಯಿ ತನ್ನ ಕೈಯ ಹಿಂಬದಿಯಿಂದ ಕೂಸಿನ ಹೊಟ್ಟೆಯನ್ನೂ ಪಾದವನ್ನೂ ಮುಟ್ಟಿ ನೋಡಬೇಕು. ಎರಡೂ ಬೆಚ್ಚಗಿದ್ದರೆ ಕ್ಷೇಮ. ಹೊಟ್ಟೆ ಬೆಚ್ಚಗಿದ್ದು ಪಾದ ತಣ್ಣಗಿದ್ದರೆ ಕೂಸು ಚಳಿಯೊಡನೆ ಸೆಣಸುತ್ತಿದೆ. ಎರಡೂ ತಣ್ಣಗಿದ್ದರೆ ತಡಮಾಡುವಂತಿಲ್ಲ. ಉಸಿರಿನ ಎಣಿಕೆಯೂ ಹೀಗೆಯೇ. ಮಗು ಅಳದೆ ಶಾಂತವಾಗಿರುವಾಗ ಹೊಟ್ಟೆಯ ಏರಿಳಿತವನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು. ಎರಡು ತಿಂಗಳ ಒಳಗಿನ ಕೂಸಿಗೆ 60 ಅಥವಾ ಹೆಚ್ಚು, ವರ್ಷದೊಳಗಿನದಕ್ಕೆ 50 ಅಥವಾ ಹೆಚ್ಚು, ಐದು ವರ್ಷದೊಳಗಿನದಕ್ಕೆ 40 ಅಥವಾ ಹೆಚ್ಚು ಬಂದರೆ ಆಸ್ಪತ್ರೆಗೆ ಹೊರಡಬೇಕು. ಎದೆಯ ಕೆಳಭಾಗ ಉಸಿರಿನೊಂದಿಗೆ ಒಳಗೆ ಸೆಳೆಯುತ್ತಿದ್ದರೆ, ಕೂಸು ಹಾಲು ಬಿಟ್ಟರೆ, ಎಬ್ಬಿಸಿದರೂ ಏಳದಿದ್ದರೆ ಎಣಿಸುತ್ತಾ ಕೂರುವುದೂ ಬೇಡ.

ಮಗುವಿನ ಪಕ್ಕದ ಈ ಜಾಗ ತಾಯಿಯ ಕೈತಪ್ಪಿದ್ದು ಹೊಸ ಕಾಲದಲ್ಲಿ. 2005ರಲ್ಲಿ ಗ್ರಾಮೀಣ ಆರೋಗ್ಯ ಅಭಿಯಾನ ಆರಂಭವಾದ ನಂತರದ ವರ್ಷಗಳಲ್ಲಿ ದೇಶದ ಜಿಲ್ಲಾ ಆಸ್ಪತ್ರೆಗಳಲ್ಲಿ ನವಜಾತ ಶಿಶುಗಳ ವಿಶೇಷ ಆರೈಕೆ ಘಟಕಗಳು ಎದ್ದವು. ಬಿಸಿ ಕೊಡುವ ವಾರ್ಮರ್, ಕಾಮಾಲೆಗೆ ನೀಲಿ ಬೆಳಕಿನ ಯಂತ್ರ, ಆಮ್ಲಜನಕ. ಅವು ಉಳಿಸಿದ ಜೀವಗಳು ಕಡಿಮೆಯಲ್ಲ. ಆದರೆ ಘಟಕದ ಗಾಜಿನ ಬಾಗಿಲಿನೊಂದಿಗೆ ಲಂಡನ್ನಿನ ಹಳೆಯ ಸೋಂಕಿನ ಭಯವೂ ಬಂತು. ಸಾಮಾನ್ಯ ವಾರ್ಡಿನಲ್ಲಿ ಮಂಚದ ಮೇಲೇ ಕೂರುತ್ತಿದ್ದ ತಾಯಿ ಇಲ್ಲಿ ಹೊರಗಿನ ಬೆಂಚಿಗೆ ಸರಿದಳು. ಹಾಲು ಹಿಂಡಿ ಬಟ್ಟಲಲ್ಲಿ ಕೊಟ್ಟರೆ ಒಳಗಿನವರು ಕುಡಿಸುತ್ತಿದ್ದರು.

ರಾಮನಗರ ಸೀಮೆಯಲ್ಲಿ ಈ ಅಗಲಿಕೆಗೆ ಇನ್ನೊಂದು ಕಾರಣವೂ ಉಂಟು, ಅದು ಬೆಂಗಳೂರಿನ ಸಾಮೀಪ್ಯ. 2007ರವರೆಗೆ ಈ ನಾಲ್ಕೂ ತಾಲ್ಲೂಕುಗಳು ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿದ್ದವು. ಆ ವರ್ಷ ರಾಮನಗರ ಜಿಲ್ಲೆಯಾಯಿತು. 2025ರಲ್ಲಿ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂತು. ಹೆಸರು ಏನೇ ಆಗಲಿ, ಕೂಸು ತೀರಾ ಕಾಯಿಲೆಯಾದರೆ ಅದನ್ನು ಹೊತ್ತ ಆಂಬುಲೆನ್ಸು ವಾಣಿ ವಿಲಾಸಕ್ಕೋ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಗೋ ಹೋಗುವುದೇ ವಾಡಿಕೆ. ದೂರ ದೊಡ್ಡದಲ್ಲ, ಐವತ್ತು ಅರವತ್ತು ಕಿಲೋಮೀಟರ್. ಆದರೆ ಸಿಸೇರಿಯನ್ ಆದ ತಾಯಿ ಕನಕಪುರದಲ್ಲೋ ಚನ್ನಪಟ್ಟಣದಲ್ಲೋ ಹೊಲಿಗೆಯೊಂದಿಗೆ ಮಲಗಿರುತ್ತಾಳೆ. ಕೂಸು ತಂದೆಯೊಂದಿಗೆ ಬೆಂಗಳೂರಿಗೆ ಹೋಗಿರುತ್ತದೆ. ಅವಳ ಎದೆಯಲ್ಲಿ ಹಾಲು ಇಳಿಯುವ ಹೊತ್ತಿಗೆ ಕುಡಿಯುವ ಬಾಯಿ ಹತ್ತಿರವಿಲ್ಲ. ಹಿಂಡಿ ತೆಗೆಯದಿದ್ದರೆ ಹಾಲು ಬತ್ತುತ್ತದೆಂದು ಆ ಗದ್ದಲದಲ್ಲಿ ಅವಳಿಗೆ ಹೇಳುವವರಾರು? ಕೂಸನ್ನು ಸಾಗಿಸುವ ನಿರ್ಧಾರವಾದ ಗಳಿಗೆಯಲ್ಲಿ ತಾಯಿಯ ಹತ್ತಿರ ಐದು ನಿಮಿಷ ಕೂರುವುದೂ ಮಕ್ಕಳ ಶುಶ್ರೂಷೆಯೇ.

ದಾರಿ ತೋರಿಸಿದ್ದು ಶ್ರೀಮಂತ ದೇಶಗಳಲ್ಲ. 1978ರ ಸುಮಾರಿಗೆ ಕೊಲಂಬಿಯಾದ ಬೊಗೊಟಾ ನಗರದ ಹೆರಿಗೆ ಆಸ್ಪತ್ರೆಯಲ್ಲಿ ಇನ್‌ಕ್ಯುಬೇಟರುಗಳು ಸಾಲದೆ ಹೋದವು. ಅಲ್ಲಿನ ಡಾ. ಎಡ್ಗರ್ ರೇ, ದಿನ ತುಂಬದೆ ಹುಟ್ಟಿದ ಕೂಸುಗಳನ್ನು ತಾಯಿಯ ಬರಿ ಎದೆಗೆ ಆನಿಸಿ ಕಟ್ಟುವ ಪದ್ಧತಿ ತಂದರು. ಇದೇ ಕಾಂಗರೂ ಆರೈಕೆ. 1979ರಲ್ಲಿ ಎಸ್ಟೋನಿಯಾದ ಟ್ಯಾಲಿನ್‌ನಲ್ಲಿ ದಾದಿಯರ ಕೊರತೆಯಾದಾಗ ಡಾ. ಆದಿಕ್ ಲೆವಿನ್ ತಾಯಂದಿರನ್ನೇ ಒಳಗೆ ಕರೆದು ಕೂಸುಗಳ ಆರೈಕೆ ವಹಿಸಿದರು. ಎರಡೂ ಕಡೆ ಅದು ಗತಿಯಿಲ್ಲದೆ ಮಾಡಿದ ಏರ್ಪಾಡು. ಎರಡೂ ಕಡೆ ಫಲ ಚೆನ್ನಾಗಿ ಬಂತು.

ಬಹಳ ಕಾಲ ಇದನ್ನು ಬಡವರ ಇನ್‌ಕ್ಯುಬೇಟರ್ ಎಂದೇ ಕಡೆಗಣಿಸಲಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ನೇತೃತ್ವದಲ್ಲಿ ಭಾರತವೂ ಸೇರಿ ಐದು ದೇಶಗಳಲ್ಲಿ ನಡೆದ ಅಧ್ಯಯನದ ಫಲಿತಾಂಶ 2021ರಲ್ಲಿ ಪ್ರಕಟವಾದ ಮೇಲೆ ಆ ಮಾತು ಆಡುವಂತಿಲ್ಲ. 1 ಕಿಲೋದಿಂದ 1.8 ಕಿಲೋದೊಳಗಿನ ಮೂರು ಸಾವಿರಕ್ಕೂ ಹೆಚ್ಚು ಕೂಸುಗಳ ಅಧ್ಯಯನವದು. ಹುಟ್ಟಿದ ಕೂಡಲೇ ತಾಯಿಯ ಎದೆಗೆ ಹಾಕಿದವುಗಳಲ್ಲಿ 28 ದಿನದೊಳಗೆ ಸತ್ತವು ನೂರಕ್ಕೆ 12. ಮೊದಲು ವಾರ್ಮರಿನಲ್ಲಿಟ್ಟು, ಸ್ಥಿತಿ ಸುಧಾರಿಸಿದ ಮೇಲೆ ತಾಯಿಗೆ ಕೊಟ್ಟವುಗಳಲ್ಲಿ ನೂರಕ್ಕೆ 15.7. ಸೋಂಕು ಹೆಚ್ಚುವ ಬದಲು ಕಡಿಮೆಯಾಯಿತು. ತಾಯಿಯ ಮೈಯ ನಿರುಪದ್ರವಿ ಜೀವಾಣುಗಳು ಕೂಸಿಗೆ ಮೊದಲು ಸೇರಿದರೆ ಆಸ್ಪತ್ರೆಯ ಉಗ್ರ ಜೀವಾಣುಗಳಿಗೆ ಜಾಗ ಸಿಗುವುದು ಕಷ್ಟ ಎಂಬುದು ತಜ್ಞರು ಕೊಡುವ ವಿವರಣೆ. ಕರ್ನಾಟಕದಲ್ಲೂ ಕೊಪ್ಪಳ ಜಿಲ್ಲೆಯಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ವೈದ್ಯರು ಕಾಂಗರೂ ಆರೈಕೆಯನ್ನು ಸರ್ಕಾರಿ ಆಸ್ಪತ್ರೆಯಿಂದ ಮನೆಯವರೆಗೆ ಒಯ್ಯುವ ಕೆಲಸ ಮಾಡಿ ತೋರಿಸಿದ್ದಾರೆ. ದಿನಕ್ಕೆ ಕನಿಷ್ಠ ಎಂಟು ಗಂಟೆ ಎದೆಗೆ ಅಪ್ಪಿರಬೇಕು. ತಾಯಿಗೆ ದಣಿವಾದರೆ ತಂದೆಯ ಎದೆಯೂ ಆದೀತು. ಅಜ್ಜಿಯದೂ ಆದೀತು.

ಕೇಂದ್ರ ಆರೋಗ್ಯ ಸಚಿವಾಲಯ 2017ರಲ್ಲಿ ಕುಟುಂಬ ಸಹಭಾಗಿತ್ವದ ಆರೈಕೆಗೆ ಮಾರ್ಗಸೂಚಿ ಹೊರಡಿಸಿತು. ದಿಲ್ಲಿಯ ರಾಮ್ ಮನೋಹರ್ ಲೋಹಿಯಾ ಆಸ್ಪತ್ರೆಯಲ್ಲಿ ನಡೆದ ಪ್ರಯೋಗವೇ ಅದಕ್ಕೆ ಆಧಾರ. ಕೈ ತೊಳೆಯುವ ಕ್ರಮ, ಗೌನು ಧರಿಸಿ ಒಳಗೆ ಬರುವುದು, ಕೂಸನ್ನು ಶುಚಿ ಮಾಡುವುದು, ಬಟ್ಟಲಿನಿಂದ ಹಾಲು ಕುಡಿಸುವುದು, ಕಾಂಗರೂ ಆರೈಕೆ, ಮನೆಗೆ ಹೋದ ಮೇಲಿನ ಎಚ್ಚರ, ಇವಿಷ್ಟನ್ನು ಹಂತ ಹಂತವಾಗಿ ಕಲಿಸಿ ತಾಯಿ ತಂದೆಯರನ್ನು ಘಟಕದೊಳಗೆ ಬಿಡಬೇಕೆಂದು ಅದು ಹೇಳುತ್ತದೆ. ಕಾಗದದ ಮೇಲೆ ಚೆಂದವಾಗಿದೆ. ಒಂದು ಪಾಳಿಗೆ ಒಬ್ಬರೋ ಇಬ್ಬರೋ ಇರುವ ಕಡೆ ನರ್ಸಿಗೆ ಪಾಠ ಹೇಳಲು ಬಿಡುವು ಎಲ್ಲಿದೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಕಲಿತ ತಾಯಿ ನರ್ಸಿನ ಕೆಲಸವನ್ನು ಹಗುರ ಮಾಡುತ್ತಾಳೆ ಎಂಬುದೂ ನಿಜ. ಆದರೆ ಆ ಲಾಭ ಬರುವುದು ಮೂರನೆಯ ದಿನ, ಶ್ರಮ ಬೇಕಾಗುವುದು ಮೊದಲನೆಯ ದಿನ.

ಕುಟುಂಬವನ್ನು ಸೇರಿಸಿಕೊಳ್ಳಬೇಕೆನ್ನುವಾಗ ಕುಟುಂಬದ ಹೊಟ್ಟೆಪಾಡನ್ನೂ ನೋಡಬೇಕಾಗುತ್ತದೆ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದದ್ದು. ಅದರ ಸುತ್ತ ನೂಲು ಬಿಚ್ಚಾಣಿಕೆಯ ಮನೆಗಳು. ಅಲ್ಲಿ ದಿನಗೂಲಿಯ ಹೆಂಗಸರು. ತೀವ್ರ ಅಪೌಷ್ಟಿಕತೆಯ ಮಕ್ಕಳಿಗೆ ಪೌಷ್ಟಿಕ ಪುನಶ್ಚೇತನ ಕೇಂದ್ರಗಳಲ್ಲಿ ಸಾಮಾನ್ಯವಾಗಿ ಎರಡು ವಾರದ ಆರೈಕೆ. ತಾಯಿ ಜೊತೆಗಿರಲೇಬೇಕು. ಎರಡು ವಾರ ಕೂಲಿ ಬಿಟ್ಟು, ಮನೆಯಲ್ಲಿ ಉಳಿದ ಮಕ್ಕಳನ್ನು ಬಿಟ್ಟು ಬರುವುದು ಹೇಗೆ? ಆದ್ದರಿಂದಲೇ ಈ ಕೇಂದ್ರಗಳಲ್ಲಿ ತಾಯಿಗೆ ಊಟದೊಂದಿಗೆ ಕೂಲಿ ನಷ್ಟಕ್ಕೆ ಪರಿಹಾರದ ಏರ್ಪಾಡೂ ಇದೆ. ಈ ಏರ್ಪಾಡು ಮಗುವಿನ ಚಿಕಿತ್ಸೆಯ ಲೆಕ್ಕಕ್ಕೇ ಸೇರುವಂಥದ್ದು. ಹಣ ತಡವಾದರೆ ಆಗುವ ಪರಿಣಾಮ ಔಷಧಿ ತಡವಾದ ಹಾಗೆಯೇ, ತಾಯಿ ಐದನೆಯ ದಿನ ಮಗುವನ್ನು ಎತ್ತಿಕೊಂಡು ಹೊರಟುಬಿಡುತ್ತಾಳೆ.

ಇನ್ನು ಅಜ್ಜಿ. ಆಸ್ಪತ್ರೆಗಳಲ್ಲಿ ಅಜ್ಜಿಯಷ್ಟು ಬೈಗುಳ ತಿಂದವರು ಮತ್ತೊಬ್ಬರಿಲ್ಲ. ಬಾಲಗ್ರಹವೆಂದು ಚೀಟಿ ಕಟ್ಟಿಸುವವಳು, ಕಾಮಾಲೆಗೋ ಫಿಟ್ಸಿಗೋ ಬರೆ ಹಾಕಿಸುವವಳು, ಮೊದಲ ಹಾಲನ್ನು ಹಿಂಡಿ ಚೆಲ್ಲಿಸುವವಳು ಎಂಬುದು ಅವಳ ಮೇಲಿನ ಆರೋಪಪಟ್ಟಿ. ಬರೆ ಮಗುವಿಗೆ ಗಾಯವನ್ನೂ ಸೋಂಕನ್ನೂ ಕೊಡುತ್ತದಲ್ಲದೆ ಬೇರೇನನ್ನೂ ಕೊಡುವುದಿಲ್ಲ. ಬಜೆಯನ್ನು ಜೇನಿನಲ್ಲಿ ತೇದು ನೆಕ್ಕಿಸುವುದೂ ಬೇಡ; ವರ್ಷದೊಳಗಿನ ಮಗುವಿಗೆ ಜೇನು ಅಪಾಯಕಾರಿ. ಮೂಗಿಗೆ ಎಣ್ಣೆ ಬಿಟ್ಟರೆ ಅದು ಶ್ವಾಸಕೋಶಕ್ಕೆ ಇಳಿದೀತು. ಮುಚ್ಚಿದ ಕೋಣೆಯಲ್ಲಿ ಸಾಂಬ್ರಾಣಿ ಹೊಗೆಯೂ ಕೂಸಿನ ಉಸಿರಿಗೆ ಒಳ್ಳೆಯದಲ್ಲ. ಆದರೆ ಇದೇ ಅಜ್ಜಿ ಬಾಣಂತಿಯ ಕೋಣೆಗೆ ಹೊರಗಿನವರನ್ನು ಬಿಡುತ್ತಿರಲಿಲ್ಲ, ಕೂಸನ್ನು ತಲೆಯವರೆಗೆ ಬೆಚ್ಚಗೆ ಸುತ್ತುತ್ತಿದ್ದಳು, ತಾಯಿಯ ಮಗ್ಗುಲಲ್ಲೇ ಮಲಗಿಸುತ್ತಿದ್ದಳು. ಸೋಂಕು ತಡೆ, ಶಾಖ ರಕ್ಷಣೆ, ತಾಯಿಯ ಸಾಮೀಪ್ಯ ಎಂದು ನರ್ಸಿಂಗ್ ಪುಸ್ತಕಗಳು ಹೇಳುವುದೂ ಇದನ್ನೇ. ಅವಳ ಒಳ್ಳೆಯದನ್ನು ಮೊದಲು ಒಪ್ಪಿಕೊಂಡ ನರ್ಸಿಗೆ ಕೆಟ್ಟದ್ದನ್ನು ಬಿಡಿಸುವುದು ಸುಲಭ. ಮೊದಲ ಹಾಲಿನ ವಿಷಯಕ್ಕೆ ಒಂದು ಪ್ರಶ್ನೆ ಸಾಕು. ಹಸು ಈದಾಗ ಗಿಣ್ಣಿಗಾಗಿ ಬೀದಿಯವರೆಲ್ಲ ಪಾತ್ರೆ ಹಿಡಿದು ಬರುತ್ತಾರೆ. ಸೊಸೆಯ ಗಿಣ್ಣುಹಾಲನ್ನು ಚೆಲ್ಲುವುದು ಯಾವ ನ್ಯಾಯ?

ಕನ್ನಡದಲ್ಲಿ ಈ ದನಿಯಲ್ಲಿ ಮಾತಾಡಿದವರಿದ್ದಾರೆ. ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಡಾ. ಅನುಪಮಾ ನಿರಂಜನ ಅವರ 'ತಾಯಿ-ಮಗು' ಎಷ್ಟೋ ಮನೆಗಳಲ್ಲಿ ಅಡುಗೆ ಪುಸ್ತಕದಷ್ಟೇ ಸಲಿಗೆಯಿಂದ ಓದಿಸಿಕೊಂಡಿತು.

ಕುಟುಂಬಕ್ಕೆ ಕಲಿಸುವ ಕೆಲಸದಲ್ಲಿ ರಾಮನಗರಕ್ಕೆ ಹಳೆಯ ಅನುಭವವೊಂದಿದೆ. 1950ರ ದಶಕದ ಆರಂಭದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಭಾರತ ಸರ್ಕಾರ ನಡೆಸಿದ ಕುಟುಂಬ ಯೋಜನೆಯ ಪ್ರಯೋಗಕ್ಕೆ ಆರಿಸಿದ ಜಾಗಗಳಲ್ಲಿ ದಿಲ್ಲಿಯ ಲೋದಿ ಕಾಲನಿಯೊಂದಿಗೆ ರಾಮನಗರವೂ ಒಂದು. ಅಮೆರಿಕದ ಡಾ. ಅಬ್ರಹಾಂ ಸ್ಟೋನ್ ಇದರ ಸಲಹೆಗಾರರು. ತಿಂಗಳ ಸುರಕ್ಷಿತ ದಿನಗಳನ್ನು ಎಣಿಸಲು ಹೆಂಗಸರಿಗೆ ಬಣ್ಣಬಣ್ಣದ ಮಣಿಗಳ ಸರ ಕೊಡುವ ಉಪಾಯ ಹೂಡಲಾಯಿತು. ಕೊನೆಯವರೆಗೆ ಪಾಲಿಸಿದವರು ಬೆರಳೆಣಿಕೆಯಷ್ಟು. ವಸ್ತುವನ್ನು ಕೈಗೆ ಕೊಟ್ಟು ಕಳಿಸುವುದೂ ಕಲಿಸುವುದೂ ಒಂದೇ ಅಲ್ಲವೆಂದು ಆ ಸರ ಆಗಲೇ ತೋರಿಸಿತ್ತು. ಓಆರ್‌ಎಸ್ ಪೊಟ್ಟಣದ ಕಥೆಯೂ ಇದೇ. ಒಂದು ಲೀಟರ್ ನೀರಿಗೆ ಪೂರ್ತಿ ಪೊಟ್ಟಣ ಹಾಕಬೇಕು. ಲೋಟಕ್ಕೆ ಒಂದು ಚಮಚ ಎಂದು ಕಲಸಿದರೆ ಉಪ್ಪಿನ ಪ್ರಮಾಣ ಏರುಪೇರಾಗುತ್ತದೆ. ಸತುವಿನ ಮಾತ್ರೆ ಭೇದಿ ನಿಂತರೂ 14 ದಿನ ಮುಂದುವರಿಯಬೇಕು.

ಚನ್ನಪಟ್ಟಣದ ಬೊಂಬೆಗಳಿಗೂ ಇಲ್ಲಿ ಪಾಲಿದೆ. ಆಲೆಮರದ ಕಟ್ಟಿಗೆಯನ್ನು ಕಡೆದು ಅರಗಿನ ಬಣ್ಣ ಹಚ್ಚಿದ ಗಿಲಕಿ, ಬುಗುರಿ, ನೂಕುಗಾಡಿಗಳು ಹೆದ್ದಾರಿಯ ಅಂಗಡಿಗಳಲ್ಲಿ ಪ್ರವಾಸಿಗರಿಗೆ ಕಾದಿವೆ. ಮಕ್ಕಳ ಶುಶ್ರೂಷೆಯಲ್ಲಿ ಆಟವೆಂದರೆ ಕಾಲಹರಣವಲ್ಲ. ನಾಲ್ಕು ವರ್ಷದ ಹುಡುಗನಿಗೆ ಇಂಜೆಕ್ಷನ್ ಕೊಡುವ ಮೊದಲು ಸೂಜಿಯಿಲ್ಲದ ಸಿರಿಂಜನ್ನು ಅವನ ಕೈಗೆ ಕೊಟ್ಟು ಬೊಂಬೆಗೆ ಚುಚ್ಚಲು ಬಿಟ್ಟರೆ ಭಯ ತಗ್ಗುತ್ತದೆ. ಹಸುಗೂಸಿಗೆ ತಾಯಿಯ ಹಾಲು ಕುಡಿಯುತ್ತಿರುವಾಗಲೇ ಲಸಿಕೆ ಚುಚ್ಚಿದರೆ ನೋವು ಕಡಿಮೆ ಎಂಬುದು ಅಧ್ಯಯನಗಳಿಂದ ಖಚಿತವಾದ ಸಂಗತಿ. ಮಗುವಿಗೆ 'ನೋವಾಗಲ್ಲ' ಎಂದು ಸುಳ್ಳು ಹೇಳಬಾರದು. ಒಮ್ಮೆ ನಂಬಿಕೆ ಹೋದರೆ ಮುಂದಿನ ಸಲ ಬಿಳಿ ಬಟ್ಟೆ ಕಂಡರೇ ಕಿರುಚುತ್ತದೆ. ಬೊಂಬೆ ತಯಾರಾಗುವ ಊರಿನಲ್ಲೇ ವಾರ್ಡಿನ ಕಪಾಟು ಬರಿದಾಗಿದ್ದರೆ ಅದಕ್ಕೆ ಹಣದ ಕೊರತೆಯ ನೆಪ ಹೇಳಲಾಗದು. ಬಾಯಿಗೆ ಹೋಗುವಷ್ಟು ಚಿಕ್ಕ ತುಂಡುಗಳಿಲ್ಲದ ಬೊಂಬೆಯಾಗಿರಬೇಕು, ಒರೆಸಿ ಶುಚಿ ಮಾಡುವಂತಿರಬೇಕು.

ಆಸ್ಪತ್ರೆಯಿಂದ ಮನೆಗೆ ಹೋದ ಮೇಲೆ ಕೆಲಸ ಆಶಾ ಕಾರ್ಯಕರ್ತೆಯದು. ಆಸ್ಪತ್ರೆಯಲ್ಲಿ ಹುಟ್ಟಿದ ಕೂಸಿನ ಮನೆಗೆ ಅವಳು 3, 7, 14, 21, 28 ಮತ್ತು 42ನೆಯ ದಿನ ಹೋಗಬೇಕು. ತೂಕ ನೋಡಬೇಕು, ಹೊಕ್ಕುಳು ನೋಡಬೇಕು, ಹಾಲು ಕುಡಿಸುವಾಗ ಪಕ್ಕದಲ್ಲಿ ಕೂರಬೇಕು. ಸಾವನದುರ್ಗದ ತಪ್ಪಲಿನ ಹಳ್ಳಿಯಲ್ಲೋ ಕಾವೇರಿಯ ಕಡೆಗೆ ಇಳಿಯುವ ಕನಕಪುರದ ಕಾಡಂಚಿನ ಹಟ್ಟಿಯಲ್ಲೋ ಅವಳು ಬರುವ ದಿನ ಒಂದು, ಬಾರದ ದಿನ ಆರು. ಆ ಆರು ದಿನ ಕೂಸನ್ನು ನೋಡುವ ಕಣ್ಣು ಮನೆಯವರದೇ.

ಇದನ್ನು ಬಲ್ಲ ಹಿರಿಯ ನರ್ಸುಗಳು ಬಿಡುಗಡೆಯ ದಿನ ಚೀಟಿ ಕೊಡುವ ಮೊದಲು ಒಂದು ಪರೀಕ್ಷೆ ಮಾಡುವುದುಂಟು. ತಾಯಿಗಲ್ಲ, ಅಜ್ಜಿಗೆ. ಕೂಸನ್ನು ಅವಳ ಮಡಿಲಲ್ಲಿ ಮಲಗಿಸಿ, ಅಂಗಿ ಸರಿಸಿ, ಗೋಡೆಯ ಗಡಿಯಾರದ ಮುಳ್ಳು ಹನ್ನೆರಡಕ್ಕೆ ಬಂದಾಗ 'ಎಣಿಸಿ' ಎನ್ನುತ್ತಾರೆ. ಅಕ್ಷರ ಬಾರದ ಅಜ್ಜಿಗೆ ಎಣಿಕೆ ಬರುತ್ತದೆ. ರೇಷ್ಮೆಗೂಡನ್ನೂ ರಾಗಿ ಸೇರನ್ನೂ ಎಣಿಸಿದವಳು. ತುಟಿ ಅಲ್ಲಾಡಿಸುತ್ತ, ಕಣ್ಣನ್ನು ಕೂಸಿನ ಹೊಟ್ಟೆಯ ಮೇಲಿಂದ ಕೀಳದೆ ಎಣಿಸುತ್ತಾಳೆ. ಮುಳ್ಳು ಒಂದು ಸುತ್ತು ಮುಗಿಸುತ್ತದೆ. ನಲವತ್ತೆಂಟು ಎನ್ನುತ್ತಾಳೆ. ನರ್ಸ್ ಇನ್ನೊಮ್ಮೆ ಎಣಿಸಲು ಹೇಳುತ್ತಾರೆ.